ಶಿರಸ್ತೇದಾರರ ಮೇಕೆ

ನಾನು ಫಿಲಂ ಸೊಸೈಟಿ ಸೇರಿದ್ದು ಸಿನಿಮಾದ ಮೇಲಿನ ಪ್ರೀತಿಯಿಂದಲ್ಲ, ಕರೆಂಟಿನ ದೆಸೆಯಿಂದ. ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನಲ್ಲಿ ಮನೆಮನೆಗೆ ಹೋಗಿ ಮೀಟರ್ ಓದುವ ಕೆಲಸದಲ್ಲಿದ್ದೆ. ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದು ನಮ್ಮಂಥವರಿಗೆ ಮಾತ್ರ ಗೊತ್ತು ಎಂದು ಊರಿನವರು ನಂಬಿದ್ದ ಕಾಲ ಅದು. ನಮ್ಮದೂ ಅರ್ಧ ಅಂದಾಜೇ. ಒಂದು ದಿನ ಕೋರ್ಟಿನ ಶಿರಸ್ತೇದಾರರ ಮನೆಯ ಮೀಟರ್ ಓದಿ ಚೀಟಿ ಕೊಡುತ್ತಿದ್ದಾಗ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಭಾನುವಾರ ಮಧ್ಯಾಹ್ನ ಕರೆಂಟು ಇರುತ್ತೇನ್ರೀ?" ಎಂದು ಕೇಳಿದರು.

"ಇರಬಹುದು ಸಾರ್."

"ಇರಬಹುದು ಅನ್ನೋದನ್ನ ಬರ್ಕೊಳ್ಳೋಕಾಗಲ್ಲ. ಇರುತ್ತೋ, ಇಲ್ಲವೋ?"

"ಇರುತ್ತೆ ಸಾರ್."

"ಹಾಗಾದ್ರೆ ನೀವೂ ಬನ್ನಿ, ಸಿನಿಮಾ ಇದೆ. ಕರೆಂಟು ಹೋದ್ರೆ ನಿಮ್ಮನ್ನೇ ಕೇಳ್ತೀನಿ."

ಹೀಗೆ ನಾನು ಜಾಮೀನುದಾರನಾಗಿ ಸಿನಿಮಾ ನೋಡಲು ಹೋದವನು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರೂ ಅವರನ್ನು ಶಿರಸ್ತೇದಾರರು ಎಂದೇ ಕರೆಯುತ್ತಿತ್ತು, ನಿವೃತ್ತರಾದ ಮೇಲೂ. ಈಗಲೂ ಅವರ ಮಾತು ಬಂದರೆ ನಂಜನಗೂಡಿನಲ್ಲೂ ಟಿ. ನರಸೀಪುರದಲ್ಲೂ ನಗದೇ ಇರುವವರು ಕಡಿಮೆ. ಅಷ್ಟು ನಗಿಸಿದ ಮನುಷ್ಯ. ನನಗೆ ಮಾತ್ರ ಅವರ ನೆನಪಾದರೆ ಮೊದಲು ನಾಚಿಕೆಯಾಗುತ್ತದೆ, ನಗು ಆಮೇಲೆ, ಅದೂ ಬಂದರೆ.

ಸೊಸೈಟಿ ಎಂದರೆ ದೊಡ್ಡದೇನಲ್ಲ. ತಿಂಗಳಿಗೊಂದು ಹೊರದೇಶದ ಸಿನಿಮಾ ರೀಲಿನ ಡಬ್ಬಿಗಳಲ್ಲಿ ಬರುತ್ತಿತ್ತು. ಒಂದು ಭಾನುವಾರ ನಂಜನಗೂಡಿನ ಒಂದು ಶಾಲೆಯ ಹಾಲಿನಲ್ಲಿ, ಇನ್ನೊಂದು ಭಾನುವಾರ ಟಿ. ನರಸೀಪುರದಲ್ಲಿ ಮಾದಪ್ಪನ ರೈಸ್ ಮಿಲ್ಲಿನ ಗೋಡೌನಿನಲ್ಲಿ. ಬಿಳಿ ಪಂಚೆಗಳನ್ನು ಸೇರಿಸಿ ಹೊಲಿಸಿದ ಪರದೆ. ಗೋಡೌನಿನಲ್ಲಿ ಬತ್ತದ ಮೂಟೆಗಳೇ ಬಾಲ್ಕನಿ. ಪ್ರೊಜೆಕ್ಟರು, ಡಬ್ಬಿ ಎಲ್ಲವನ್ನೂ ಬಸ್ಸಿನ ಮೇಲೆ ಹಾಕಿಸಿ ಇಳಿಸುವ ಕೆಲಸ ಬರಬರುತ್ತಾ ನನ್ನ ಪಾಲಿಗೆ ಬಂತು. ಸಿನಿಮಾ ಆರಿಸುವುದು ಶಿರಸ್ತೇದಾರರು. ನಗೆಯ ಸಿನಿಮಾನೇ ಆಗಬೇಕು, ಬೇರೆಯದಕ್ಕೆ ಅವರು ಒಪ್ಪುತ್ತಿರಲಿಲ್ಲ. "ಅಳೋರನ್ನ ವಾರವೆಲ್ಲ ಕೋರ್ಟಲ್ಲಿ ನೋಡ್ತೀನಲ್ಲ, ಭಾನುವಾರಾನೂ ಬೇಕಾ?" ಎನ್ನುತ್ತಿದ್ದರು.

ಆ ಸಿನಿಮಾಗಳಲ್ಲಿ ಯಾವ ಯಾವುದೋ ದೇಶದ ಮಾತು. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಸಾಲು ಬರುತ್ತಿತ್ತು. ನೋಡಲು ಬಂದವರಲ್ಲಿ ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು, ಓದಿ ಮುಗಿಸಬಲ್ಲವರು ಇನ್ನೂ ಕಡಿಮೆ. ಆದ್ದರಿಂದ ಶಿರಸ್ತೇದಾರರು ಪರದೆಯ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಕತ್ತು ಓರೆ ಮಾಡಿ ಸಾಲನ್ನು ಓದಿ, ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಿದ್ದರು. ಶಿರಸ್ತೇದಾರರಾಗುವ ಮೊದಲು ಅವರು ಬಹಳ ವರ್ಷ ಕೋರ್ಟಿನಲ್ಲಿ ಭಾಷಾಂತರದ ಕೆಲಸ ಮಾಡಿದವರು. ಕನ್ನಡದ ಕಾಗದ, ಹೇಳಿಕೆ ಎಲ್ಲವನ್ನೂ ಇಂಗ್ಲಿಷಿಗೆ ಮಾಡಿ ಮಾಡಿ ಕೈ ಪಳಗಿತ್ತು. ಸಿನಿಮಾ ಹಾಲಿಗೂ ಅದೇ ಕೋರ್ಟಿನ ಕನ್ನಡವನ್ನು ತಂದರು.

"ಸದರಿ ಹೆಂಗಸು ಸದರಿ ಗಂಡಸನ್ನು, ನಿನ್ನ ಮೀಸೆ ಎಲ್ಲಿ ಎಂದು ಕೇಳುತ್ತಾಳೆ. ಮೀಸೆಯನ್ನು ಸದರಿಯವನು ಮರೆತು ಬಂದಿರುವುದಾಗಿ ತಿಳಿಸುತ್ತಾನೆ."

ಪರದೆಯ ಮೇಲೆ ಯಾರೋ ದೊರೆಸಾನಿ ಗಂಡನಿಗೆ ಪಾತ್ರೆ ಬೀಸಿ ಕಿರುಚುತ್ತಿದ್ದರೆ, ಇವರು ಸ್ಟೂಲಿನ ಮೇಲೆ ಒಂದಿಷ್ಟೂ ಅಲುಗದೆ, "ಅವಾಚ್ಯ ಶಬ್ದಗಳಿಂದ ನಿಂದಿಸುತ್ತಾಳೆ" ಎನ್ನುತ್ತಿದ್ದರು. ಗಂಡು ಹೆಣ್ಣು ಹತ್ತಿರ ಬಂದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, "ಮುಂದಿನದು ತಮಗೇ ಕಾಣುತ್ತದೆ." ಹಾಲು ಬಿದ್ದು ಬಿದ್ದು ನಗುತ್ತಿತ್ತು. ಅವರು ಮಾತ್ರ ನಗುತ್ತಿರಲಿಲ್ಲ. ಕನ್ನಡಕ ತೆಗೆದು ಶರ್ಟಿನ ಚುಂಗಿನಲ್ಲಿ ಒರೆಸುತ್ತಾ ನಗು ನಿಲ್ಲುವುದನ್ನೇ ಕಾಯುತ್ತಿದ್ದರು. ನಿಂತ ಮೇಲೆ ಬೇಸರದಿಂದ, "ಈ ನಡುವೆ ಎರಡು ಮಾತು ಹೋದವು. ಅವು ದಾಖಲಾಗಲಿಲ್ಲ" ಎಂದು ಮುಂದುವರಿಯುತ್ತಿದ್ದರು. ಅದಕ್ಕೆ ಇನ್ನೊಂದು ಸುತ್ತು ನಗು.

ಅವರು ನಮ್ಮನ್ನು ನಗಿಸಲು ಹಾಗೆ ಮಾಡುತ್ತಾರೆಂದು ಮೊದಮೊದಲು ನಾನು ಅಂದುಕೊಂಡಿದ್ದೆ. ಖಂಡಿತ ಇಲ್ಲ. ಹೇಳಿದವರ ಮಾತಿಗೆ ತನ್ನದೊಂದು ಮಾತು ಸೇರಿಸುವುದು ಅವರ ಲೆಕ್ಕದಲ್ಲಿ ಕಳ್ಳತನಕ್ಕೆ ಸಮ. ಮನೆಯಲ್ಲೂ ಅದೇ ಶಿಸ್ತು. ಒಮ್ಮೆ ನಾನಿದ್ದಾಗಲೇ ಅವರ ಹೆಂಡತಿ, "ಪಕ್ಕದ ಮನೆಯವರಿಗೆ ನಮ್ಮ ಮೇಲೆ ಯಾಕೋ ಮುನಿಸು ಕಣ್ರೀ" ಎಂದರು.

"ಅವರು ಅಂದದ್ದೇನು?"

"ಇವತ್ತು ಕಾಫಿಗೆ ಬರೋಕಾಗಲ್ಲ ಅಂದ್ರು."

"ಅವರು ಅಂದದ್ದು ಅಷ್ಟು. ಮಿಕ್ಕಿದ್ದು ನೀನು ಸೇರಿಸಿದ್ದು."

ಆಕೆ ನನ್ನ ಕಡೆ ತಿರುಗಿ, "ನೋಡಿಪ್ಪಾ, ಇವರ ಜೊತೆ ಒಂದು ಚಾಡಿ ಹೇಳೋ ಸುಖಾನೂ ಇಲ್ಲ ನಂಗೆ" ಎಂದು ಒಳಗೆ ಹೋದರು.

ಇಂಥ ಮನುಷ್ಯ ಒಂದೇ ಒಂದು ದಿನ ಸೇರಿಸಿದರು.

ಆ ಭಾನುವಾರ ಟಿ. ನರಸೀಪುರದಲ್ಲಿ ಸಿನಿಮಾ. ಪ್ರತಿ ಸಲವೂ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಒಮ್ಮೆ ತಾವೊಬ್ಬರೇ ನೋಡಿಕೊಳ್ಳುವುದು ಅವರ ಪದ್ಧತಿ. ಅವತ್ತು ಡಬ್ಬಿ ಬಂದದ್ದೇ ತಡವಾಗಿ, ಸೀದಾ ಮಿಲ್ಲಿಗೆ. ಮಾದಪ್ಪ ಊರೆಲ್ಲ ಸಾರಿಬಿಟ್ಟಿದ್ದ. ಮಿಲ್ಲಿನ ಆಳುಗಳು, ಅವರ ಮನೆಮಂದಿ, ಮೂಗೂರಿನಿಂದ ಅವನ ನೆಂಟರ ಹೆಂಗಸರು, ಎಲ್ಲರೂ ಬಂದು ಮೂಟೆ ಮೂಟೆಯ ಮೇಲೂ ಕೂತಿದ್ದರು. ದೀಪ ಆರಿತು, ರೀಲು ತಿರುಗಿತು. ಪರದೆಯ ಮೇಲೆ ಜನ ಮಾತಾಡತೊಡಗಿದರು. ಕೆಳಗೆ ಇಂಗ್ಲಿಷ್ ಸಾಲೇ ಇಲ್ಲ. ಸಾಲು ಹಾಕದ ಪ್ರತಿ ಬಂದುಬಿಟ್ಟಿತ್ತು. ಪೂರ್ವ ಯೂರೋಪಿನ ಯಾವುದೋ ದೇಶದ ಭಾಷೆ. ಶಿರಸ್ತೇದಾರರಿಗೂ ಅದು ಅಷ್ಟೇ, ಮೂಟೆ ಮೇಲೆ ಕೂತವರಿಗೂ ಅಷ್ಟೇ.

ನಾನು ಅವರ ಹತ್ತಿರ ಬಗ್ಗಿ, "ನಿಲ್ಲಿಸೋದಾ ಸಾರ್?" ಎಂದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು, "ಯಾಕ್ ಸಾ, ಏನೂ ಏಳಾಕಿಲ್ವಾ ಇವತ್ತು?" ಎಂದಳು. ಅವರು ಆ ಕತ್ತಲಲ್ಲಿ ಜನದ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಮಾತು ಶುರು ಮಾಡಿದರು.

ಕತೆ ಕಣ್ಣಿಗೆ ಕಾಣುವಷ್ಟು ಹೀಗೆ: ಒಂದು ಸಣ್ಣ ಊರಿಗೆ ಯಾರೋ ಮಂತ್ರಿ ಬರುವವನಿದ್ದಾನೆ. ಊರಿನವರೆಲ್ಲ ಬ್ಯಾಂಡ್ ಬಾರಿಸುವ ಅಭ್ಯಾಸದಲ್ಲಿದ್ದಾರೆ. ಅದರ ನಡುವೆ ಒಬ್ಬ ಮುದುಕ ಟೋಪಿ ಕೈಯಲ್ಲಿ ಹಿಡಿದು ಮನೆಮನೆ ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆದವರು ಅವನ ಮಾತು ಪೂರ್ತಿ ಕೇಳುವುದಿಲ್ಲ. ಒಬ್ಬರು ಕುರ್ಚಿ ಕೊಡುತ್ತಾರೆ, ಇನ್ನೊಬ್ಬರು ಕೋಳಿ, ಮತ್ತೊಬ್ಬರು ತುತ್ತೂರಿ, ಹಿಡಿದುಕೋ ಎಂದು ಕೊಟ್ಟು ಬಾಗಿಲು ಹಾಕುತ್ತಾರೆ. ಹೊರೆ ಬೆಳೆಯುತ್ತಾ ಹೋಗುತ್ತದೆ, ಮುದುಕ ನಡೆಯುತ್ತಲೇ ಇರುತ್ತಾನೆ.

"ನನ್ ಮ್ಯಾಕೆ ನೋಡುದ್ರಾ?" ಎಂದರು ಶಿರಸ್ತೇದಾರರು. "ಕರೀ ಮ್ಯಾಕೆ ಕಣ್ರವ್ವಾ, ಒಂದ್ ಕಿವಿ ಮೊಟಕು. ನಿಮ್ ಇತ್ಲಿಗೇನಾದ್ರೂ ಬಂದಿತ್ತಾ?"

ಸದರಿಯೂ ಇಲ್ಲ, ಮೇಲ್ಕಂಡದ್ದೂ ಇಲ್ಲ. ಅವರು ಹುಟ್ಟಿದ ಕಳಲೆಯ ಮಾತು, ಅವರ ಬಾಯಲ್ಲಿ ನಾವು ಯಾರೂ ಅಲ್ಲಿಯವರೆಗೆ ಕೇಳದೇ ಇದ್ದದ್ದು. ಗೋಡೌನು ಹುಚ್ಚೆದ್ದಿತು. ಒಂದೊಂದು ಬಾಗಿಲಿಗೂ ಮುದುಕ ಬಾಯಿ ತೆರೆದ ಕೂಡಲೇ ಜನ ತಾವೇ "ಮ್ಯಾಕೆ ನೋಡುದ್ರಾ?" ಎಂದು ಕೂಗತೊಡಗಿದರು. ಕೊನೆಗೆ ಮುದುಕ ಬ್ಯಾಂಡಿನ ಮುಖ್ಯಸ್ಥನ ಹತ್ತಿರ ಬಂದು ಮೆಲ್ಲಗೆ ಏನೋ ಹೇಳುತ್ತಾನೆ. ಆ ದಪ್ಪ ಮನುಷ್ಯ ಬಾರಿಸುವುದನ್ನು ನಿಲ್ಲಿಸಿ, ನಿಧಾನವಾಗಿ ತಲೆಯ ಮೇಲಿನ ಟೋಪಿ ತೆಗೆಯುತ್ತಾನೆ. ಶಿರಸ್ತೇದಾರರು ತಡಮಾಡಲಿಲ್ಲ:

"ತಪ್ಪಾಯ್ತು ಕಣಣ್ಣೋ! ಮ್ಯಾಕೆಯ ನಾವೇ ತಿಂದ್ಬುಟ್ಟೋ!"

ಮಾದಪ್ಪ ಮೂಟೆಯಿಂದ ಕೆಳಕ್ಕೆ ಬಿದ್ದ. ನಿಜವಾಗಿಯೂ ಬಿದ್ದ. ಶಿರಸ್ತೇದಾರರು ಅವತ್ತು ಕನ್ನಡಕ ಒರೆಸಲಿಲ್ಲ. ಸ್ಟೂಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು. ಅವರು ನಗುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಮೇಕೆಯ ಸುದ್ದಿ ನಮಗಿಂತ ಮುಂಚೆ ನಂಜನಗೂಡು ತಲುಪಿತು. "ಮ್ಯಾಕೆ ಸಿಕ್ತಾ ಸಾ?" ಎನ್ನುವುದು ನಮ್ಮೊಳಗೆ ನಮಸ್ಕಾರದ ಬದಲಿಗೆ ನಿಂತಿತು. "ಇನ್ನೂ ಇಲ್ಲ, ಹುಡುಕ್ತಾ ಇದೀನಿ" ಎನ್ನುವುದು ಅದಕ್ಕೆ ಜವಾಬು. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಕೋರ್ಟಿನ ವರಾಂಡದಲ್ಲಿ ವಕೀಲರ ಬಾಯಲ್ಲೂ ಅದೇ. ನನ್ನನ್ನಂತೂ ಮೀಟರ್ ಓದಲು ಕವಲಂದೆಗೆ ಹೋದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಶಿರಸ್ತೇದಾರರು ಮೇಲೆ ಮೇಲೆ ಗದರುತ್ತಿದ್ದರು, ಒಳಗೊಳಗೆ ಹಿಗ್ಗುತ್ತಿದ್ದರು. ಒಬ್ಬ ಮನುಷ್ಯ ತನ್ನ ಜೀವಮಾನದ ನಿಯಮವನ್ನು ಒಂದು ಮಧ್ಯಾಹ್ನ ಮುರಿದು ಅದರಿಂದ ಇಷ್ಟು ಸಂತೋಷಪಟ್ಟರೆ ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ವರ್ಷಗಳು ಕಳೆದವು. ರೀಲು ಹೋಗಿ ಡಿವಿಡಿ ಬಂತು. ಶಿರಸ್ತೇದಾರರು ನಿವೃತ್ತರಾದರು, ಒಬ್ಬಳೇ ಮಗಳು ಮದುವೆಯಾಗಿ ಗುಲ್ಬರ್ಗದ ಕಡೆ ಹೋದಳು. ಒಂದು ದಿನ ಮೈಸೂರಿನ ಅಂಗಡಿಯೊಂದರಲ್ಲಿ ನನಗೆ ಆ ಸಿನಿಮಾದ ಡಿವಿಡಿ ಸಿಕ್ಕಿಬಿಟ್ಟಿತು. ಹೊದಿಕೆಯ ಮೇಲೆ ಅದೇ ಮುದುಕ, ಕೈತುಂಬ ಹೊರೆ. ಕೆಳಗೆ ಇಂಗ್ಲಿಷ್ ಸಾಲು ಇದೆ ಎಂದೂ ಬರೆದಿತ್ತು. ಓಡಿ ಬಂದು ಅವರ ಬಾಗಿಲಲ್ಲಿ ನಿಂತು, "ಮೇಕೆ ಸಿಕ್ತು ಸಾರ್!" ಎಂದು ಕೂಗಿದೆ.

ಅವರ ಮನೆಯ ಟೀವಿಯಲ್ಲೇ ಹಾಕಿದೆವು. ಅವರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಮುದುಕ ಮೊದಲನೆಯ ಬಾಗಿಲು ತಟ್ಟಿದ. ಕೆಳಗೆ ಸಾಲು ಬಂತು. ಶಿರಸ್ತೇದಾರರು ಓದಿದರು. ನನಗೂ ಅಷ್ಟು ಇಂಗ್ಲಿಷ್ ಬರುತ್ತಿತ್ತು, ನಾನೂ ಓದಿದೆ. "ಇನ್ನೊಂದು ಸಲ ಹಾಕಿ" ಎಂದರು. ಹಾಕಿದೆ. ಎರಡನೆಯ ಬಾಗಿಲಿಗೂ ಅದೇ ಸಾಲು, ಮೂರನೆಯದಕ್ಕೂ ಅದೇ.

ಮುದುಕನ ಹೆಂಡತಿ ತೀರಿಹೋಗಿದ್ದಳು. ಹೆಗಲು ಕೊಡಲು ನಾಲ್ಕು ಜನ ಬೇಕಾಗಿತ್ತು. ಊರೆಲ್ಲ ಬ್ಯಾಂಡಿನಲ್ಲಿತ್ತು. ಅವನು ಕೇಳುತ್ತಾ ಹೋದದ್ದು ಅದನ್ನು. ಕೊನೆಗೆ ಆ ದಪ್ಪ ಮನುಷ್ಯ ಟೋಪಿ ತೆಗೆದದ್ದು ಅದಕ್ಕೆ.

"ಎಲ್ಲರೂ ಅಷ್ಟೊಂದು ನಕ್ಕರು ಅಂತ ಬಂದು ಹೇಳಿದ್ರಲ್ಲ, ಇದೇನಾ ಅದು?" ಎಂದು ಅವರ ಹೆಂಡತಿ ಕೇಳಿದರು. ಶಿರಸ್ತೇದಾರರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ಆಮೇಲೆ ನನಗೆ, "ಅವನ ಬಾಯಿಗೆ ನಾನು ಮೇಕೆ ಇಟ್ಟೆನಲ್ಲ" ಎಂದರು.

"ನಿಮಗೆ ಗೊತ್ತಿರಲಿಲ್ಲ ಸಾರ್."

"ಗೊತ್ತಿಲ್ಲದೇ ಇದ್ದದ್ದು ತಪ್ಪಲ್ಲ ಕಣ್ರೀ. ಗೊತ್ತಿಲ್ಲ ಅಂತ ಹೇಳಬೇಕಾಗಿತ್ತು. ಕೋರ್ಟಲ್ಲಿ ಹಾಗೆ ಮಾಡಿದ್ರೆ ಯಾರದೋ ಮನೆ ಹಾಳಾಗ್ತಿತ್ತು."

ಇದೊಂದು ಸಿನಿಮಾ, ಆ ಮುದುಕ ಒಬ್ಬ ನಟ, ಈಗ ಯಾರ ಮನೆಯೂ ಹಾಳಾಗಿಲ್ಲ ಎಂದೆಲ್ಲ ಹೇಳಿ ನೋಡಿದೆ. ಅವರ ಕಿವಿಗೆ ಅದು ಹೋಗಲಿಲ್ಲ. ಅದೇ ಗೋಡೌನಿನಲ್ಲಿ, ಅದೇ ಜನದ ಮುಂದೆ ಇನ್ನೊಮ್ಮೆ ಹಾಕಬೇಕು, ಇದ್ದದ್ದನ್ನು ಇದ್ದಂತೆ ಹೇಳಬೇಕು ಎಂದು ಹಟ ಹಿಡಿದರು. ಅದಾಗುವವರೆಗೆ ಊಟವೂ ಸರಿಯಾಗಿ ಸೇರುತ್ತಿಲ್ಲ ಎಂದು ಅವರ ಹೆಂಡತಿ ನನಗೆ ಹೇಳಿ ಕಳಿಸಿದರು.

ಮೇಕೆ ಸಿನಿಮಾ ಮತ್ತೆ ಬರುತ್ತದೆ ಎಂದದ್ದಕ್ಕೆ ಮಾದಪ್ಪನ ಗೋಡೌನು ತುಂಬಿ ತುಳುಕಿತು. ಮೊದಲ ಸಲ ನೋಡಿದವರು ನೋಡದವರನ್ನು ಕೈಹಿಡಿದು ಕರೆತಂದಿದ್ದರು. ಶಿರಸ್ತೇದಾರರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಬಂದಿದ್ದರು. ಶುರುವಾಗುವ ಮೊದಲು ಎದ್ದು ನಿಂತು, "ಹಿಂದೆ ಈ ಚಿತ್ರ ತೋರಿಸಿದಾಗ ನಾನು ತಪ್ಪು ಹೇಳಿದ್ದೆ. ಇವತ್ತು ಸರಿಯಾದದ್ದನ್ನ ಹೇಳ್ತೀನಿ, ದಯವಿಟ್ಟು ಕೇಳಬೇಕು" ಎಂದರು. ಅಷ್ಟಕ್ಕೇ ಜನ ನಗಲು ಶುರು ಮಾಡಿದರು. ಅವರ ಗಂಭೀರ ಮುಖವೇ ನಗೆಯ ಮುನ್ಸೂಚನೆ ಎಂದು ಅವರೇ ನಮಗೆ ವರ್ಷಗಟ್ಟಲೆ ಅಭ್ಯಾಸ ಮಾಡಿಸಿದ್ದರಲ್ಲ.

ಮುದುಕ ಬಾಗಿಲು ತಟ್ಟಿದ. ಶಿರಸ್ತೇದಾರರು ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಹೇಳಿದರು: "ನನ್ನ ಹೆಂಡತಿ ತೀರಿಕೊಂಡಿದ್ದಾಳೆ. ಹೆಗಲಿಗೆ ನಾಲ್ಕು ಜನ ಬೇಕು."

 ಮೂಟೆಯ ಮೇಲಿಂದ ಯಾರೋ, "ಓದ್ ಸಲ ಮ್ಯಾಕೆ ಓಗಿತ್ತು, ಈ ಸಲ ಎಂಡ್ರೇ ಓದ್ಲಂತೆ ಕಣ್ಲಾ!" ಎಂದರು. ಗೋಡೌನು ಬಿರಿಯುವಂತೆ ನಕ್ಕಿತು. ಮಾದಪ್ಪ ಎದ್ದು ನಿಂತು, ಎರಡೂ ಕೈ ಬಾಯಿಗಿಟ್ಟು, "ಮ್ಯಾಕೆ ಸಾ, ಮ್ಯಾಕೆ!" ಎಂದು ಕೂಗಿದ. ಮುಂದಿನ ಬಾಗಿಲಲ್ಲಿ ಅವರು ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದರು. ಇನ್ನೂ ಜೋರು ನಗು. ಅದರ ಮುಂದಿನದರಲ್ಲಿ ಅವರ ಧ್ವನಿ ನಡುಗಿತು, ಅದನ್ನೂ ಅಭಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ಬ್ಯಾಂಡಿನವನು ಟೋಪಿ ತೆಗೆಯುವ ಹೊತ್ತಿಗೆ ಅವರು ಹೇಳುವುದನ್ನೇ ನಿಲ್ಲಿಸಿದ್ದರು. "ನಾವೇ ತಿಂದ್ಬುಟ್ಟೋ!" ಎಂದು ಇಡೀ ಗೋಡೌನೇ ಒಂದೇ ದನಿಯಲ್ಲಿ ಹೇಳಿ ಮುಗಿಸಿತು.

ನಾನೂ ನಕ್ಕೆ. ಅಷ್ಟು ಜನ ನಗುವಾಗ ನಗದೇ ಕೂರುವುದು ಕಷ್ಟ ಎಂದು ಈಗ ಹೇಳಬಹುದು. ಆದರೆ ನಿಜ ಅದಲ್ಲ. ಆ ಮುದುಕ ನಿಜಕ್ಕೂ ಏನು ಕೇಳುತ್ತಿದ್ದಾನೆಂದು ಆ ಗೋಡೌನಿನಲ್ಲಿ ಅವರನ್ನು ಬಿಟ್ಟರೆ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ನನಗೆ ನಗು ಬಂತು, ಹೊಟ್ಟೆಯಿಂದಲೇ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತಿದ್ದರು. ಕತ್ತಿನ ಗುಂಡಿ ಇನ್ನೂ ಬಿಚ್ಚಿರಲಿಲ್ಲ. ಊರು ಹತ್ತಿರ ಬಂದಾಗ ನನ್ನ ಕಡೆ ತಿರುಗಿ ಕೇಳಿದರು, "ನಿಮಗೆ ಗೊತ್ತಿತ್ತಲ್ಲ, ನೀವು ಯಾಕೆ ನಕ್ಕಿರಿ?"

ಆ ಮಾತಿನಲ್ಲಿ ಕೋಪವಿರಲಿಲ್ಲ. ಸಾಕ್ಷಿಯನ್ನು ಕೇಳುವ ಹಾಗೆ, ತಿಳಿದುಕೊಳ್ಳಲು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ನಾನು ಬಸ್ಸಿನ ಮೇಲೆ ಹಾಕಿಸಿದ ಪ್ರೊಜೆಕ್ಟರಿನ ಪೆಟ್ಟಿಗೆ ಇಳಿಸಬೇಕು ಎಂಬ ನೆಪ ಮಾಡಿ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. 

ಆಮೇಲೆ ಅವರು ಪರದೆಯ ಪಕ್ಕ ಕೂರಲಿಲ್ಲ. ಸ್ಟೂಲು ಹಾಗೇ ಇರುತ್ತಿತ್ತು, ಅವರು ಬಂದು ಹಿಂದಿನ ಸಾಲಿನಲ್ಲಿ ಕೂತು ನೋಡಿ ಹೋಗುತ್ತಿದ್ದರು. ಇಂಗ್ಲಿಷ್ ಸಾಲು ಓದಿಕೊಂಡು ನಗುವವರು ಎಷ್ಟು ಜನ? ನಿಧಾನವಾಗಿ ಸೊಸೈಟಿ ಸೊರಗಿ ನಿಂತೇಹೋಯಿತು. ಊರು ಮಾತ್ರ ಮೇಕೆಯನ್ನು ಬಿಡಲಿಲ್ಲ. ಅವರು ತರಕಾರಿ ಚೀಲ ಹಿಡಿದು ಹೋಗುವಾಗಲೂ ಯಾರಾದರೂ ಪ್ರೀತಿಯಿಂದಲೇ, "ಮ್ಯಾಕೆ ಸಿಕ್ತಾ ಸಾ?" ಎನ್ನುವರು. ಅವರು ತಲೆ ತಗ್ಗಿಸಿ ನಡೆದುಬಿಡುವರು. ವಯಸ್ಸಾಯಿತು, ಕಿವಿ ಕೇಳಿಸುವುದಿಲ್ಲ ಎಂದು ಜನ ಅಂದುಕೊಂಡರು. ಅವರು ಎದುರಿಗೆ ಇಲ್ಲದಾಗ ನನ್ನನ್ನು ಕೇಳಿದವರಿಗೆ, "ಇನ್ನೂ ಇಲ್ಲ, ಹುಡುಕ್ತಾ ಇದೀನಿ" ಎಂದು ನಾನು ಹೇಳುತ್ತಲೇ ಇದ್ದೆ. ಬಾಯಿಗೆ ಅಭ್ಯಾಸವಾಗಿತ್ತು.

ಒಂದು ದಿನ ಬೆಳಗಿನ ಜಾವ ಅವರು ಹೋಗಿಬಿಟ್ಟರು. ಮಗಳು ದೂರದಿಂದ ಹೊರಟಿದ್ದಳು. ನೆಂಟರು ಕಡಿಮೆ. ಅವರ ಹೆಂಡತಿ ನನ್ನನ್ನು ಹತ್ತಿರ ಕರೆದು, "ಸೊಸೈಟಿಯವರಿಗೆಲ್ಲ ನೀವೇ ಹೋಗಿ ಹೇಳಿಪ್ಪಾ, ಫೋನಲ್ಲಿ ಬೇಡ. ಇಂಥಾದ್ದನ್ನ ಬಾಗಿಲಿಗೆ ಹೋಗಿ ಹೇಳಬೇಕು" ಎಂದರು. ಮನೆಮನೆಗೆ ಹೋಗಿ ಅಭ್ಯಾಸವಿದ್ದವನು ನಾನು. ಊರಲ್ಲಿ ಹೇಳಬೇಕಾದವರಿಗೆ ಹೇಳಿ ಮುಗಿಸಿ ಬೈಕಿನಲ್ಲಿ ಟಿ. ನರಸೀಪುರಕ್ಕೆ ಹೋದೆ.

ಮಿಲ್ಲು ಓಡುತ್ತಿತ್ತು. ಮಾದಪ್ಪ ತಲೆಗೆ ಟವೆಲು ಸುತ್ತಿ ತೌಡಿನ ಧೂಳಿನಲ್ಲಿ ನಿಂತಿದ್ದ. ನನ್ನನ್ನು ಗೇಟಿನಲ್ಲಿ ಕಂಡದ್ದೇ ಎರಡೂ ಕೈ ಎತ್ತಿ ಕೂಗಿದ, "ಮ್ಯಾಕೆ ಸಿಕ್ತಾ ಸಾ?"

"ಇನ್ನೂ ಇಲ್ಲ, ಹುಡುಕ್ತಾ ಇದೀನಿ" ಎಂದೆ.

ಎಂದೆ, ನಗುತ್ತಲೇ ಎಂದೆ. ಮಾತು ಹೊರಗೆ ಬಿದ್ದ ಮೇಲೆ ನಾನು ಏನಂದೆ ಎಂದು ನನಗೆ ತಿಳಿಯಿತು. ಅಷ್ಟರಲ್ಲಿ ಮಾದಪ್ಪ ಟೀ ಲೋಟವೊಂದನ್ನು ತಂದು ನನ್ನ ಕೈಗಿಟ್ಟಿದ್ದ. "ಒಸ ಅಕ್ಕಿ ಬಂದದೆ ಸಾ, ಒಸಿ ತಕ್ಕೊಂಡೋಗಿ" ಎಂದು ಒಂದು ಸಣ್ಣ ಚೀಲವನ್ನು ಕಂಕುಳಿಗೆ ತುರುಕಿದ. "ಇದು ಶಿರಸ್ತೇದಾರ್ರಿಗೆ" ಎಂದು ಇನ್ನೊಂದು.

"ಮಾದಪ್ಪ, ಶಿರಸ್ತೇದಾರರು ತೀರಿಕೊಂಡ್ರು."

"ಓಗಿ ಸಾ, ಬೆಳಬೆಳಗ್ಗೇನೇ ನಿಮ್ದೊಂದು ತಮಾಸೆ."

ನನ್ನ ಮುಖದ ಮೇಲಿನ ನಗು ಇನ್ನೂ ಇಳಿದಿರಲಿಲ್ಲ. ಅದು ಅಲ್ಲೇ ಅಂಟಿಕೊಂಡಿರುವುದು ನನಗೇ ಗೊತ್ತಾಗುತ್ತಿತ್ತು. ಮಿಲ್ಲಿನ ಸದ್ದನ್ನು ಮೀರಿಸಿ ಇನ್ನೊಮ್ಮೆ ಹೇಳಿದೆ. ಮಾದಪ್ಪ ನನ್ನನ್ನೇ ನೋಡಿದ. ಹೋಗಿ ಮಿಲ್ಲು ನಿಲ್ಲಿಸಿದ. ಬೆಲ್ಟು ಸುತ್ತಿ ಸುತ್ತಿ ನಿಂತ ಮೇಲೆ ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಂದ.

"ಎಗ್ಲಿಗೆ ನಾಕು ಜನ ಅವ್ರಾ ಸಾ?" ಎಂದು ಕೇಳಿದ.

ಆವತ್ತು ಗೋಡೌನಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನೇ. ಆದರೂ ಶಿರಸ್ತೇದಾರರು ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು, ಒಂದು ಮಾತೂ ಸೇರಿಸದೆ, ಒಂದು ಮಾತೂ ಬಿಡದೆ. ಯಾರೂ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡೇ ಅವರು ಹೋದರು. ಒಂದು ಕೈಯಲ್ಲಿ ಟೀ ಲೋಟ, ಎರಡು ಕಂಕುಳಲ್ಲಿ ಎರಡು ಚೀಲ ಹಿಡಿದು ನಾನು ತಲೆ ತಗ್ಗಿಸಿ ನಿಂತಿದ್ದೆ.

"ಇಲ್ಲ ಮಾದಪ್ಪ," ಎಂದೆ, "ಬನ್ನಿ."